ಕೈ ಊರದೆ ಎದ್ದವರು

ತಂಗಿಯ ಮಗಳ ಮದುವೆ ಗಟ್ಟಿಯಾಯಿತು. ವರ ನರೇಗಲ್ಲಿನವನು. ಜವಳಿ ಎಲ್ಲಿ ತೆಗೆಯುವುದು ಎಂಬ ಮಾತು ಬಂದಾಗ ಹುಬ್ಬಳ್ಳಿ ಎಂದವರು ಕೆಲವರು, ಇಳಕಲ್ಲು ಎಂದವರು ಕೆಲವರು. ರೋಣದಲ್ಲಿರುವ ನನ್ನ ತಂಗಿ ಮಾತ್ರ, "ಗಜೇಂದ್ರಗಡದಾಗ ಅಣ್ಣನ ಸಾವುಕಾರ್ರ ಅಂಗಡಿ ಇರೂತನಕ ನಾ ಬ್ಯಾರೆ ಕಡೆ ಹೊಂಡೂದಿಲ್ಲ" ಎಂದು ಸೆರಗು ಸಿಕ್ಕಿಸಿ, ಮಗಳನ್ನೂ ಬೀಗತಿಯನ್ನೂ ಕಟ್ಟಿಕೊಂಡು ಬಸ್ಸು ಹತ್ತಿ ನಮ್ಮ ಮನೆಗೆ ಬಂದಿಳಿದಳು.

ನಾನು ಇದೇ ಊರಿನಲ್ಲಿ ಹೈಸ್ಕೂಲು ಮಾಸ್ತರನಾಗಿದ್ದು ನಿವೃತ್ತನಾದವನು. ಆ ಅಂಗಡಿ ನಮ್ಮ ಓಣಿಯ ಬಾಯಲ್ಲೇ ಇದೆ. ಆದರೆ ಸಾವುಕಾರ್ರು ತೀರಿಕೊಂಡ ಮೇಲೆ, ಅಂದರೆ ಹೆಚ್ಚುಕಡಿಮೆ ವರ್ಷದಿಂದ, ನಾನು ಅದರ ಮೆಟ್ಟಿಲು ಹತ್ತಿರಲಿಲ್ಲ. ಬಡಿಗೇರರು ಒಳಗೆ ಕೊರೆಯುವುದು, ಬಡಿಯುವುದು ಕಿವಿಗೆ ಬೀಳುತ್ತಿತ್ತು. ಏನೋ ಹೊಸದು ಮಾಡಿಸುತ್ತಿದ್ದಾರೆ ಎಂದುಕೊಂಡು ರಸ್ತೆಯ ಆಚೆ ಬದಿಯಿಂದಲೇ ಹಾದುಹೋಗುತ್ತಿದ್ದೆ.

ಒಳಗೆ ಹೋಗಿ ನೋಡಿದರೆ ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಎದೆಮಟ್ಟದ ಉದ್ದನೆಯ ಕೌಂಟರು, ಅದರ ಮುಂದೆ ಸಾಲಾಗಿ ತಿರುಗುವ ಎತ್ತರದ ಸ್ಟೂಲು. ಸಾವುಕಾರ್ರ ಮಗ ಓಡಿ ಬಂದು, "ಬರ್ರಿ ಮಾಸ್ತರ್ರ, ಕುಂಡರ್ರಿ" ಎಂದ. ಕುಳಿತೆ. ಕಾಲು ನೆಲಕ್ಕೆ ಮುಟ್ಟಲಿಲ್ಲ. ತಂಗಿ ಕುಳಿತುಕೊಳ್ಳಲಿಲ್ಲ. ಅವಳು ನೆಲ ಹುಡುಕುತ್ತಿದ್ದಳು.

"ಅಣ್ಣಾ, ಗಾದಿ ಎಲ್ಲಿ?" ಎಂದಳು, ಎಲ್ಲರಿಗೂ ಕೇಳುವಂತೆ.

ಮಗ ಕೇಳಿಸದವನ ಹಾಗೆ ಅಂಗಡಿಯ ಹುಡುಗಿಯರಿಗೆ ಸೀರೆ ತೆಗೆಯಲು ಹೇಳಿದ. ನನಗೆ ಮಾತ್ರ ಆ ಕೌಂಟರಿನ ಜಾಗದಲ್ಲಿ ಬಿಳಿ ಗಾದಿ, ಗೋಡೆಗೆ ಒರಗಿಸಿದ ಲೋಡು, ಲೋಡಿಗೆ ಎಂದೂ ಒರಗದೆ ಅದರ ಮುಂದೆ ಗಿಂಡಿಯ ಹಾಗೆ ಕುಳಿತ ಕರಿ ಟೊಪ್ಪಿಗೆಯ ಗುಂಡನೆಯ ಮನುಷ್ಯ, ಎಲ್ಲ ಒಮ್ಮೆಲೇ ಕಣ್ಣಿಗೆ ಕಟ್ಟಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಎಲ್ಲರಿಗೂ ಸಾವುಕಾರ್ರು. ಹೆಂಡತಿಗೆ 'ಇವ್ರು'. ಹಾಗೆಂದು ಸಾವುಕಾರಿಕೆಯ ಗತ್ತೇನೂ ಇರಲಿಲ್ಲ. ಅವರಿಗೆ ಇದ್ದದ್ದು ಒಂದೇ ಚಟ: ಯಾರು ಎದುರಿಗೆ ಬಂದರೂ ಅವರ ಬಟ್ಟೆಯ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿ ನೋಡುವುದು. ನನ್ನನ್ನು ಮೊದಲ ಸಲ ಕಂಡಾಗ ನಮಸ್ಕಾರಕ್ಕಿಂತ ಮೊದಲು ನನ್ನ ಅಂಗಿಯ ತೋಳು ಅವರ ಬೆರಳಿಗೆ ಸಿಕ್ಕಿತ್ತು.

"ಟೆರಿಕಾಟ್. ಬ್ಯಾಸಗ್ಯಾಗ ಯಾಕ್ರಿ ಮಾಸ್ತರ್ರ ಈ ಶಿಕ್ಷಾ? ಏನ್ ತಪ್ಪ್ ಮಾಡೀರಿ?"

ಅಂದಿನಿಂದ ನಾನು ಹತ್ತಿ ಬಟ್ಟೆಯವನಾದೆ. ಸಾಲೆ ಬಿಟ್ಟ ಮೇಲೆ ದಿನಾ ಅವರ ಗಾದಿಯ ಒಂದು ಮೂಲೆಯಲ್ಲಿ ಕುಳಿತು ಪೇಪರು ಓದಿ, ಚಹಾ ಕುಡಿದು ಮನೆಗೆ ಹೋಗುವುದು ರೂಢಿಯಾಯಿತು. ಗಿರಾಕಿ ನಾಚಿಕೊಂಡು, "ಸಾಕ್ರಿ ಸಾವುಕಾರ್ರ, ಎಷ್ಟ್ ಬಿಚ್ಚತೀರಿ, ಮತ್ತ ಮಡಚಬೇಕಲ್ಲ" ಎಂದರೆ ಅವರು, "ಬಿಚ್ಚಾಕಽ ಮಡಚಿಟ್ಟೇವಿ ತಂಗಿ, ನೋಡು" ಎಂದು ಇನ್ನೊಂದು ಸೀರೆಯನ್ನು ಗಾದಿಯ ತುಂಬ ಹರಡುತ್ತಿದ್ದರು. ಬಿಚ್ಚುವಾಗ ಮಣಿಕಟ್ಟು ಒಮ್ಮೆ ತಿರುವುತ್ತಿದ್ದರು, ಅಷ್ಟೇ. ಸೆರಗು ಹೋಗಿ ಗಿರಾಕಿಯ ಮೊಣಕಾಲ ಮೇಲೆ ಬೀಳುತ್ತಿತ್ತು. ಕಾಲ ಮೇಲೆ ಬಿದ್ದ ಸೀರೆಯನ್ನು ಬ್ಯಾಡ ಎನ್ನುವುದು ಹೆಂಗಸರಿಗೆ ಕಷ್ಟ ಎಂದು ಅವರಿಗೆ ಗೊತ್ತಿತ್ತು.

ಗಾದಿಯ ಮೇಲೆ ಕುಳಿತು ವ್ಯಾಪಾರ ಮಾಡುವುದಕ್ಕೆ ಅದರದೇ ರೀತಿ ರಿವಾಜು ಇದೆ. ದಿನದ ಗಿರಾಕಿ ಬಂದರೆ ನಡುವೆ ಏಳಬಹುದು, ಊಟಕ್ಕೆ ಹೋಗಬಹುದು. ಮದುವೆಯ ಜವಳಿಗೆ ಬಂದರೆ ಮಾತ್ರ ಹಾಗಿಲ್ಲ. ಹೆಣ್ಣಿನ ಕಡೆಯವರು ಒಂದು ಬದಿ, ಗಂಡಿನ ಕಡೆಯವರು ಒಂದು ಬದಿ, ನಡುವೆ ಸಾವುಕಾರ. ಧಾರೆ ಸೀರೆಯಿಂದ ಹಿಡಿದು ಸೋದರತ್ತೆಯ ಕುಬಸದ ತನಕ ಎಲ್ಲ ಮುಗಿದು, ಎಲೆ ಅಡಿಕೆ ಕೊಡುವವರೆಗೆ ಅವನು ಗಾದಿ ಬಿಟ್ಟು ಏಳಬಾರದು. ಎದ್ದರೆ ಸಂಬಂಧದ ನಡುವೆ ಎದ್ದಂತೆ. ಹೊಳೆಆಲೂರು, ಪುರ್ತಗೇರಿ ಕಡೆಯಿಂದ ಬರುವ ಹಿರಿಯರು ಇದನ್ನು ಕಣ್ಣಿಟ್ಟು ನೋಡುತ್ತಿದ್ದರು. ಸಾವುಕಾರ್ರು ಮುಂಜಾನೆ ಕಾಲು ಮಡಚಿದರೆ ಮಧ್ಯಾಹ್ನ ಬಿಸಿಲು ಹೊರಳುವ ತನಕ ಹಾಗೇ ಕೂಡುತ್ತಿದ್ದರು. ನಲವತ್ತು ವರ್ಷದ ಕೂಡ್ರಿಕೆ ಅದು.

ಕೂಡ್ರುವುದೇನೋ ಸರಿ. ಐವತ್ತೆಂಟು ದಾಟುವ ಹೊತ್ತಿಗೆ ಏಳುವುದು ತ್ರಾಸವಾಗತೊಡಗಿತು.

ಮೊದಮೊದಲು ಒಂದು ಕೈ ಊರಿ ಏಳುತ್ತಿದ್ದರು. ಆಮೇಲೆ ಎರಡೂ ಕೈ. ಆಮೇಲೆ ಪಕ್ಕದ ಸೀರೆ ಗಂಟನ್ನು ಹಿಡಿದುಕೊಳ್ಳಲು ಶುರುಮಾಡಿದರು. ಹೊಳೆಆಲೂರಿನವರ ಒಂದು ಮದುವೆ ಜವಳಿ ಮುಗಿದ ಮಧ್ಯಾಹ್ನ ಎಲೆ ಅಡಿಕೆ ಕೊಡಲು ಏಳುವಾಗ ಹತ್ತಿರ ಗಂಟು ಇರಲಿಲ್ಲ. ಪಕ್ಕದಲ್ಲಿದ್ದ ಗಂಡಿನ ಸೋದರಮಾವನ ಹೆಗಲು ಹಿಡಿದರು. ಆತನಿಗೂ ಕಾಲು ಜೋಮು ಹಿಡಿದಿತ್ತೋ ಏನೋ, ಇಬ್ಬರೂ ಕೂಡಿ ಆಗತಾನೆ ಆರಿಸಿಟ್ಟ ಸೀರೆಗಳ ರಾಶಿಯ ಮೇಲೆ ಮಲಗಿಬಿಟ್ಟರು. ಧಾರೆ ಸೀರೆ ಕೆಳಗೆ, ಸೋದರಮಾವ ನಡುವೆ, ಸಾವುಕಾರ್ರು ಮೇಲೆ.

ಆತ ಕೆಳಗಿನಿಂದಲೇ ಹೇಳಿದ: "ಸಾವುಕಾರ್ರ, ಜವಳಿ ಹಾಕ್ರಿ ಅಂದ್ರ ಮೈಮ್ಯಾಲ ನೀವಽ ಬಂದ್ರಲ್ಲ."

ಎರಡೂ ಕಡೆಯವರು ಹೊಟ್ಟೆ ಹಿಡಿದು ನಕ್ಕರು. ಸಾವುಕಾರ್ರೂ ನಕ್ಕರು. ಆದರೆ ಮಗ ಮತ್ತು ಅಂಗಡಿಯ ಆಳು ಎರಡು ಕಡೆಯಿಂದ ರಟ್ಟೆಗೆ ಕೈ ಹಾಕಿ ಎತ್ತಲು ಬಂದಾಗ ಅವರ ನಗು ಅಲ್ಲೇ ನಿಂತಿತು. "ಮುಟ್ಟಬ್ಯಾಡ್ರಿ" ಎಂದರು. ಆ ಧ್ವನಿಯನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಮಗ್ಗುಲಾಗಿ ಹೊರಳಿ, ಬೋರಲಾಗಿ, ಅಂಬೆಗಾಲಿಟ್ಟು ಗೋಡೆಯ ತನಕ ಹೋಗಿ, ಗೋಡೆ ಹಿಡಿದು ಎದ್ದರು. ಟೊಪ್ಪಿಗೆ ಸರಿಮಾಡಿಕೊಂಡು ಎಲೆ ಅಡಿಕೆ ಕೊಟ್ಟರು.

ಆ ಸಂಜೆ ಪೇಪರು ಓದಲು ಹೋದಾಗ ಅವರೇ ಮಾತು ತೆಗೆದರು.

"ಮಾಸ್ತರ್ರ, ನಮ್ಮಪ್ಪ ಗಾದಿ ಹ್ಯಾಂಗ ಇಳದ್ರು ಗೊತ್ತೇನು ನಿಮಗ?"

"ಇಲ್ಲರಿ."

"ದೀಪಾವಳಿ ಪಾಡ್ಯ. ಲಕ್ಷ್ಮೀಪೂಜಾ ಮುಗದಿತ್ತು. ಊರ ಮಂದಿ ಎಲ್ಲಾ ಕುಂತಾರ. ಅಪ್ಪಗ ಏಳಾಕ ಬರಲಿಲ್ಲ. ನಾವಿಬ್ರು ಅಣ್ಣತಮ್ಮರು ಆ ಕಡಿ ಈ ಕಡಿ ಹಿಡದು, ಗಂಟು ಎತ್ತಿದಂಗ ಎತ್ತಿ, ಒಯ್ದು ಖುರ್ಚಿ ಮ್ಯಾಲ ಕುಂಡ್ರಿಸಿದ್ವಿ. ಬಲಗೈ ಹಿಡದಾಂವ ನಾನು. ಭಾಳ ಹುಷಾರಿಂದಽ ಹಿಡದಿದ್ದೆ. ಆದರ ಅಪ್ಪ ನನ್ನ ಮಾರಿ ನೋಡಲಿಲ್ಲ. ಮರುದಿನದಿಂದ ಅಂಗಡಿಗೆ ಬರಲಿಲ್ಲ. ಮನ್ಯಾಗ ಆರಾಮ ಇದ್ರು, ಉಂಡು ತಿಂದು, ಮೊಮ್ಮಕ್ಕಳ ಆಡಿಸಿ. ಅಂಗಡಿ ಮಾತ್ರ ತುಳೀಲಿಲ್ಲ."

ಸ್ವಲ್ಪ ಹೊತ್ತು ಗಾದಿಯ ಬಿಳಿ ಹೊದಿಕೆಯನ್ನು ಬೆರಳಲ್ಲಿ ತಿಕ್ಕಿದರು.

"ಗಾದಿ ಬಿಡೂದಕ್ಕ ನಂದೇನೂ ತಕರಾರು ಇಲ್ಲರಿ. ಒಂದಿಲ್ಲ ಒಂದಿನ ಬಿಡೂದಽ. ಆದರ ನನ್ನ ಯಾರೂ ಎತ್ತಬಾರದು."

ಮಗನದು ಬೇರೆ ವಿಚಾರ. ಅವನು ತನ್ನ ಮಾವನ ಊರಾದ ನರಗುಂದದಲ್ಲಿ ಹೊಸ ಅಂಗಡಿಗಳನ್ನು ನೋಡಿ ಬಂದಿದ್ದ. ಕೌಂಟರು ಹಾಕಬೇಕು, ಖುರ್ಚಿ ಹಾಕಬೇಕು, ಈಗಿನ ಹುಡುಗಿಯರು ಜೀನ್ಸ್ ಹಾಕಿಕೊಂಡು ಬರುತ್ತಾರೆ, ಅವರಿಗೂ ನೆಲಕ್ಕೆ ಕೂಡಲು ಆಗುವುದಿಲ್ಲ ಎಂದು ವಾದಿಸುತ್ತಿದ್ದ. ಸುಳ್ಳೇನಲ್ಲ. ಅಪ್ಪನ ಮೊಣಕಾಲಿನ ನೆವ ಸಿಕ್ಕಿದ್ದು ಅವನಿಗೆ ಅನುಕೂಲವೇ ಆಯಿತು. "ಅಪ್ಪಾ, ನಿನ್ನ ಸಲುವಾಗಿಽ ಹೇಳೂದು" ಎನ್ನುತ್ತಿದ್ದ. ಸಾವುಕಾರ್ರು ಒಂದು ಮಾತಿಗೆ ಒಪ್ಪಿದರು: "ಬರೂ ಪಾಡ್ಯದ ಪೂಜಾಕ್ಕ ನಾ ಕುಂಡ್ರತೀನಿ. ಪೂಜಾ ಮುಗದ ಮ್ಯಾಲ ನನ್ನಷ್ಟಕ್ಕ ನಾ ಎದ್ದರ ಗಾದಿ ಮಾತು ನಂದು. ಏಳಾಕ ಆಗಲಿಲ್ಲಂದ್ರ ನಿಂದು. ನಿಂಗ ಬೇಕಾದ್ದು ಮಾಡ್ಕೊ."

ಆಗಿನ್ನೂ ಯುಗಾದಿ ಮುಗಿದಿತ್ತಷ್ಟೆ.

ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಹೊಸದಾಗಿ ಹೆಣ್ಣುಮಕ್ಕಳ ಸಾಲೆಯ ಪಡಸಾಲೆಯಲ್ಲಿ ನಡೆಯುತ್ತಿದ್ದ ಮುಂಜಾನೆಯ ಯೋಗಕ್ಕೆ ಸೇರಿದ್ದೆ. ಕಲಿಸುವವಳು ಒಬ್ಬ ನೇಕಾರರ ಮಗಳು. ವಯಸ್ಸು ನಮ್ಮ ಅರ್ಧದಷ್ಟು, ದನಿ ನಮ್ಮ ಎರಡರಷ್ಟು. ನಾವೆಲ್ಲ ಅವಳನ್ನು ಅಕ್ಕಾರು ಎನ್ನುತ್ತಿದ್ದೆವು. ಒಂದು ದಿನ ನಸುಕಿನಲ್ಲಿ ತಲೆಯ ಮೇಲೆ ಟವೆಲು ಹೊದ್ದ ಗುಂಡನೆಯ ಆಕೃತಿಯೊಂದು ಕಂಬದ ಮರೆಯಲ್ಲಿ ನಿಂತಿತ್ತು. ಟವೆಲಿನ ಕೆಳಗೆ ಕರಿ ಟೊಪ್ಪಿಗೆ ಇದ್ದದ್ದರಿಂದ ಗುರುತು ಹಿಡಿದೆ.

"ಮನ್ಯಾಗ ಗುಡಿಗೆ ಹೊಂಟೀನಿ ಅಂತ ಹೇಳೀನಿ. ನೀವು ಬಾಯಿ ಬಿಡಬ್ಯಾಡ್ರಿ" ಎಂದರು.

ಹೊಸಬರು ಬಂದಾಗ ಅಕ್ಕಾರು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದಳು. "ಯಾಕ್ ಬಂದ್ರಿ ಕಾಕಾ? ಸಕ್ಕರೀನೋ, ಬೀಪೀನೋ, ಸೊಂಟಾನೋ?"

"ಏಳಾಕ."

"ಏನ್ರಿ?"

"ನೆಲಕ್ಕ ಕುಂತ ಮ್ಯಾಲ ಕೈ ಊರದಂಗ ಏಳೂದು ಕಲಿಸ್ರಿ ಅಕ್ಕಾರ. ಅದೊಂದಽ ಸಾಕು. ಮಿಕ್ಕಿದ್ದೆಲ್ಲಾ ನೀವಽ ಇಟ್ಕೋರಿ."

ಅವಳು ನಕ್ಕಳು. "ಕಾಕಾ, ಅದೊಂದಽ ಅಂತ ಬರೂದಿಲ್ಲ. ಎಲ್ಲಾ ತಗೊಂಡ್ರಽ ಅದು ಬರ್ತೈತಿ."

"ಇಡೀ ಥಾನಽ ತಗೋಬೇಕು, ಹರದು ಮಾರೂದಿಲ್ಲ ಅನ್ರಿ" ಎಂದು ಸಾವುಕಾರ್ರು ನಿಟ್ಟುಸಿರು ಬಿಟ್ಟು ಕೊನೆಯ ಸಾಲಿನಲ್ಲಿ ನಿಂತರು.

ಎಲ್ಲರೂ ರಬ್ಬರಿನ ಚಾಪೆ ತರುತ್ತಿದ್ದರು. ಅವರು ನನ್ನ ಚಾಪೆಯ ಅಂಚು ಹಿಡಿದು ತಿಕ್ಕಿ, ಮುಖ ಕಿವಿಚಿ, "ಇದರ ಮ್ಯಾಲ ಮೈ ಇಡ್ತೀರಾ?" ಎಂದು, ಮರುದಿನ ನವಲಗುಂದದ ಹಳೆಯ ಜಮಖಾನೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಅದರ ಮೇಲೆ ಎರಡು ನವಿಲು. ಒಂದರ ಮೇಲೆ ತಲೆ, ಇನ್ನೊಂದರ ಮೇಲೆ ಕಾಲು. ಮೊದಲ ವಾರ ಧೋತರದಲ್ಲೇ ಯೋಗ ನಡೆಯಿತು. ಕಾಲು ಮೇಲೆತ್ತುವ ಆಸನ ಬಂದ ದಿನ ಎದುರು ಸಾಲಿನ ಹೆಣ್ಣುಮಕ್ಕಳೆಲ್ಲ ಒಟ್ಟಿಗೆ ಕಣ್ಣು ಮುಚ್ಚಿ ಪ್ರಾಣಾಯಾಮ ಶುರುಮಾಡಿದರು. ಅಕ್ಕಾರು, "ಕಾಕಾ, ನಾಳಿಯಿಂದ ಪೈಜಾಮ" ಎಂದಳು. ಊರಿಗೆಲ್ಲ ಬಟ್ಟೆ ಮಾರಿದ ಮನುಷ್ಯ ತನಗೊಂದು ಪೈಜಾಮ ಹೊಲಿಸಲು ನರೇಗಲ್ಲಿನ ತನಕ ಹೋಗಿ ಬಂದರು. ಇಲ್ಲಿಯ ಸಿಂಪಿಗ ಹೊಲಿದರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತಿತ್ತು.

ಆದರೂ ಸುದ್ದಿ ಮುಟ್ಟಿತು. ಶವಾಸನದಲ್ಲಿ ಅವರು ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆ ಸಾಲೆಯ ಗೋಡೆ ದಾಟಿ ಆಚೆ ಓಣಿಗೆ ಕೇಳುತ್ತಿತ್ತು. ಆ ಓಣಿಯಲ್ಲಿ ಅವರ ಹೆಂಡತಿ ನಸುಕಿಗೆ ಹಾಲು ತರಲು ಬರುತ್ತಿದ್ದರು. ಮೂವತ್ತೈದು ವರ್ಷ ಕೇಳಿದ ಗೊರಕೆ, ಅದಕ್ಕೆ ಗುರುತಿನ ಚೀಟಿ ಬೇಕೇ? ತಂಬಿಗೆ ಹಿಡಿದುಕೊಂಡು ಪಡಸಾಲೆಯ ಬಾಗಿಲಿಗೆ ಬಂದು ನಿಂತರು. ನಾವೆಲ್ಲ ಹೆಣದ ಹಾಗೆ ಬಿದ್ದಿದ್ದೆವು.

"ಇದು ಯಾವ ದೇವರ ಗುಡಿರೀ?" ಎಂದು ಕೇಳಿದರು.

ಸಾವುಕಾರ್ರು ಕಣ್ಣು ತೆರೆಯಲಿಲ್ಲ. "ಅಕ್ಕಾರು ಅಲಗಾಡಬ್ಯಾಡ ಅಂದಾರ. ಮನಿಗೆ ಹೋಗು, ಬರ್ತೀನಿ" ಎಂದರು.

ಆ ದಿನದಿಂದ ಟವೆಲು ಹೋಯಿತು. ಹೆಂಡತಿ ಮನೆಯಲ್ಲಿ ಸಿಟ್ಟಾದರೋ ಇಲ್ಲವೋ ತಿಳಿಯದು. ಆದರೆ ಯೋಗ ಮುಗಿದ ಮೇಲೆ ಕುಡಿಯಲಿ ಎಂದು ಒಂದು ಡಬ್ಬಿಯಲ್ಲಿ ರಾಗಿ ಅಂಬಲಿ ಬರತೊಡಗಿತು. ನನಗೂ ಅದರಲ್ಲಿ ಒಂದು ಲೋಟ.

ಗುಟ್ಟು ರಟ್ಟಾದ ಮೇಲೆ ಅವರಿಗೆ ಲಂಗುಲಗಾಮು ಉಳಿಯಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಾದಿಯೇ ಅವರ ಯೋಗಶಾಲೆಯಾಯಿತು. ಒಂದು ಮಧ್ಯಾಹ್ನ ನಾನು ಹೋದಾಗ ಸಾವುಕಾರ್ರು ಅಂಗಾತ ಮಲಗಿ, ಎರಡೂ ಕಾಲನ್ನು ಸೀರೆ ಕಪಾಟಿಗೆ ಆನಿಸಿ ನೇರ ನಿಲ್ಲಿಸಿದ್ದರು. ಅದೇ ಹೊತ್ತಿಗೆ ಪುರ್ತಗೇರಿಯ ಮುದುಕಿಯೊಬ್ಬಳು ಸೊಸೆಯನ್ನು ಕರೆದುಕೊಂಡು ಮೆಟ್ಟಿಲು ಹತ್ತಿದಳು. ಕಪಾಟಿಗೆ ಹತ್ತಿದ ಕಾಲುಗಳನ್ನು ನೋಡಿ ಅಲ್ಲೇ ನಿಂತಳು.

"ಯವ್ವಾ, ಅಂಗಡಿ ಬಂದ್ ಐತೇನ?"

"ಚಾಲೂ ಐತಿ, ಬಾ ಯವ್ವಾ" ಎಂದು ಕೆಳಗಿನಿಂದ ದನಿ ಬಂತು. "ಏನ್ ತೋರಸಲಿ?"

"ತೋರಸೂದೆಲ್ಲಾ ತೋರಸೀರಿ. ಮೊದಲ ಕಾಲು ಇಳಸ್ರಿ" ಎಂದು ಮುದುಕಿ ಸೆರಗು ಬಾಯಿಗೆ ಹಿಡಿದು ಕುಳಿತುಕೊಂಡಳು. ಆ ವರ್ಷ ಪುರ್ತಗೇರಿಯಿಂದ ಅವರಿಗೆ ಗಿರಾಕಿ ಹೆಚ್ಚಾದರು ಎಂದು ನನ್ನ ಗುಮಾನಿ. ಸೀರೆಗೆ ಬಂದವರೆಷ್ಟೋ, ಕಾಲು ನೋಡಲು ಬಂದವರೆಷ್ಟೋ.

ಕಲಿಕೆ ಸಲೀಸಾಗಿ ಸಾಗಿತು ಎಂದು ತಿಳಿಯಬೇಡಿ. ನಲವತ್ತು ವರ್ಷ ಒಂದೇ ಭಂಗಿಯಲ್ಲಿ ಮಡಚಿದ ದೇಹ. ಬಲಗಾಲು ಕೆಳಗೆ, ಎಡಗಾಲು ಮೇಲೆ, ಸೊಂಟ ಒಂದಿಷ್ಟು ಎಡಕ್ಕೆ. ಅದಕ್ಕಿಂತ ಬೇರೆ ರೀತಿ ಕೂಡಿಸಲು ಅಕ್ಕಾರು ನೋಡಿದರೆ ಅವರ ಬಾಯಿಂದ ಎಲ್ಲ ದೇವರ ಹೆಸರೂ ಹೊರಬೀಳುತ್ತಿತ್ತು. ಉಸಿರು ಹಿಡಿದುಬಿಡುತ್ತಿದ್ದರು. "ಬಿಡ್ರಿ ಕಾಕಾ, ಬಿಡ್ರಿ" ಎಂದು ಅವಳು ಕೂಗಬೇಕು. ಶ್ರಾವಣದ ಹೊತ್ತಿಗೆ ಒಂದು ಮೊಣಕಾಲು ಬಾತುಕೊಂಡಿತು. ಅಕ್ಕಾರು ಎರಡು ವಾರ ಬರಬೇಡಿ ಎಂದಳು. ಆ ಎರಡು ವಾರ ಅವರು ಬಂದು ಜಮಖಾನೆ ಹಾಸಿ, ಅದರ ಮೇಲೆ ಕಾಲು ಚಾಚಿಕೊಂಡು ಕುಳಿತು, ಉಳಿದವರ ಬಟ್ಟೆಯ ಗುಣಮಟ್ಟ ಪರೀಕ್ಷಿಸಿದರು.

ಆಗ ಒಂದು ಮುಂಜಾನೆ ನಾನು, "ಸಾವುಕಾರ್ರ, ಬಿಡೂಣೇನ್ರಿ? ಈ ವಯಸ್ಸಿಗೆ ಇಷ್ಟು ಹಟ ಯಾಕ?" ಎಂದೆ.

ಅವರು ಅಂಬಲಿ ಲೋಟ ಕೆಳಗಿಟ್ಟರು. "ಮಾಸ್ತರ್ರ, ಸೀರಿ ಕಪಾಟಿನ್ಯಾಗ ಇಟ್ಟೇವಿ ಅಂತ ಬಿಟ್ಟುಬಿಡೂದಿಲ್ಲ ನಾವು. ಆಗಾಗ ತಗದು ಮಡಿಕಿ ಬದಲ ಮಾಡ್ತೇವಿ. ಒಂದಽ ಮಡಿಕಿಯೊಳಗ ವರ್ಷಗಟ್ಟಲೆ ಇಟ್ಟರ, ಯಾರೂ ಉಡದಿದ್ದರೂ ಆ ಗೆರಿ ಮ್ಯಾಲಽ ಹರೀತೈತಿ. ಕಾಲಿಂದು ಹಂಗಽ ಆಗೇತಿ. ಕಪಾಟಿನ್ಯಾಗಿನ ಸೀರಿಗೆಲ್ಲಾ ಮಡಿಕಿ ಬದಲ ಮಾಡಿದೆ, ನನ್ನ ಒಬ್ಬನ್ನ ಮರತೆ."

ಬಾವು ಇಳಿಯಿತು. ಅಕ್ಕಾರು ಹೊಸ ಉಪಾಯ ಹೂಡಿದಳು. ಏಳುವಾಗ ಭಾರವೆಲ್ಲ ಹಿಂದಕ್ಕೆ ಎಳೆಯುವುದರಿಂದ ಕೈ ನೆಲಕ್ಕೆ ಹೋಗುತ್ತದೆ. ಮುಂದಕ್ಕೆ ಬಾಗಿ, ಎರಡೂ ಕೈ ಮುಂದೆ ಚಾಚಿ, ಉಸಿರು ಬಿಡುತ್ತ ಎದ್ದರೆ ಭಾರ ಪಾದಕ್ಕೆ ಬರುತ್ತದೆ ಎಂದಳು. "ಹ್ಯಾಂಗ ಚಾಚಲಿ?" ಎಂದರು. ಅವಳು ಯೋಚಿಸಿ, "ಗಿರಾಕಿಗೆ ಸೀರಿ ಕೊಡ್ತೀರಲ್ಲ, ಎರಡೂ ಕೈ ಮ್ಯಾಲ ಇಟ್ಟು? ಹಂಗ. ಗಿರಾಕಿ ದೂರ ಕುಂತಾರ ಅಂತ ತಿಳೀರಿ" ಎಂದಳು.

ಅದು ತಲೆಗೆ ಹೋಯಿತು. ಅಂದಿನಿಂದ ಪಡಸಾಲೆಯ ಕೊನೆಯ ಸಾಲಿನಲ್ಲಿ ಒಬ್ಬ ಮನುಷ್ಯ ಕಾಣದ ಗಿರಾಕಿಗೆ ಕಾಣದ ಸೀರೆ ಕೊಡುತ್ತ ಅರ್ಧ ಎದ್ದು, ದೊಪ್ಪನೆ ಕೂಡುತ್ತಿದ್ದ. "ಗಿರಾಕಿ ಒಪ್ಪಲಿಲ್ಲ" ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ದಸರೆಯ ಹೊತ್ತಿಗೆ ಒಮ್ಮೊಮ್ಮೆ ಗಿರಾಕಿ ಒಪ್ಪುತ್ತಿದ್ದ. ಒಮ್ಮೊಮ್ಮೆ ಇಲ್ಲ. ಪಾಡ್ಯದ ಹಿಂದಿನ ಮುಂಜಾನೆ ಎರಡು ಸಲ ಬಿದ್ದರು. ಅಕ್ಕಾರು ಜಮಖಾನೆ ಮಡಚಿ ಅವರ ಹೆಗಲಿಗೆ ಹಾಕಿ, "ಕಾಕಾ, ನಾಳೆ ಉಸಿರು ಹಿಡೀಬ್ಯಾಡ್ರಿ, ಅಷ್ಟಽ" ಎಂದಳು.

ಪಾಡ್ಯದ ದಿನ ಗಾದಿಗೆ ಹೊಸ ಬಿಳಿ ಹೊದಿಕೆ. ಬಾಗಿಲಿಗೆ ಬಾಳೆಕಂಬ, ಚೆಂಡುಹೂವಿನ ಸರ. ನೇಕಾರರು, ಅಕ್ಕಪಕ್ಕದ ಅಂಗಡಿಯವರು, ಹಳೆಯ ಗಿರಾಕಿಗಳು, ಎಲ್ಲರೂ ಗಾದಿಯ ಸುತ್ತ ಸೇರಿದ್ದರು. ಪೂಜೆಯ ನಂತರ ಎದ್ದು ಎಲೆ ಅಡಿಕೆ ಕೊಡುವುದು ಅಂಗಡಿಯ ಹಿರಿಯನ ಕೆಲಸ. ಅಪ್ಪ ಮಗನ ಒಪ್ಪಂದ ಇಡೀ ಓಣಿಗೆ ಗೊತ್ತಿತ್ತು. ಹಾಗಾಗಿ ಆ ವರ್ಷ ಲಕ್ಷ್ಮಿಯ ಮುಖಕ್ಕಿಂತ ಸಾವುಕಾರ್ರ ಮೊಣಕಾಲಿನ ಮೇಲೆ ಜನರ ಕಣ್ಣು ಹೆಚ್ಚಿತ್ತು. ಅಕ್ಕಾರು ಬಾಗಿಲ ಹತ್ತಿರ ತನ್ನ ಅವ್ವನ ಹಿಂದೆ ನಿಂತಿದ್ದಳು. ಪುರ್ತಗೇರಿಯ ಮುದುಕಿಯೂ ಬಂದಿದ್ದಳು.

ಪೂಜೆಗೆ ಬಂದ ಐನವರು ಆ ದಿನ ಮಂತ್ರವನ್ನು ಎಳೆದರೇ ಎಳೆದರು. ಸಾವುಕಾರ್ರು ಅಲುಗಾಡಲಿಲ್ಲ. ಆರತಿಯಾಯಿತು. ಎಡಗಡೆ ಕುಳಿತಿದ್ದ ಮಗ ತನಗೆ ತಿಳಿಯದೆಯೇ ಅಪ್ಪನ ರಟ್ಟೆಯ ಕಡೆ ಕೈ ಚಾಚಿದ.

"ಕೈ ತಗೀ" ಎಂದರು ಮೆಲ್ಲಗೆ.

ಮಗ ತೆಗೆದ.

ಅವರು ಎರಡೂ ಕಾಲನ್ನು ಒಂದಿಷ್ಟು ಒಳಗೆ ಎಳೆದುಕೊಂಡರು. ಮುಂದಕ್ಕೆ ಬಾಗಿದರು. ಎರಡೂ ಕೈ ಮುಂದೆ ಚಾಚಿದರು. ಅಂಗೈ ಮೇಲೆ ಒಂದು ಸೀರೆ ಇದೆ, ದೂರ ಯಾರೋ ಕುಳಿತಿದ್ದಾರೆ. ಮೊಣಕಾಲು ಲಟಲಟ ಎಂದದ್ದು ಬಾಗಿಲ ತನಕ ಕೇಳಿತು. ಅರ್ಧಕ್ಕೆ ಬಂದಾಗ ಮೈ ತೂಗಾಡಿತು. ಬಲಗೈ ಸರ್ರನೆ ಕೆಳಗಿಳಿದು ಗಾದಿಯ ಹತ್ತಿರ ಹತ್ತಿರ ಬಂತು. ಪುರ್ತಗೇರಿಯ ಮುದುಕಿ "ಶಿವನಽ" ಎಂದಳು. ಬಾಗಿಲ ಕಡೆಯಿಂದ ಒಂದು ದನಿ, ನಸುಕಿನಲ್ಲಿ ದಿನಾ ಕೇಳುವ ಅದೇ ದನಿ: "ಬಿಡ್ರಿ ಕಾಕಾ."

ಉಸಿರು ಬಿಟ್ಟರು. ಕೈ ಗಾದಿ ಮುಟ್ಟದೆ ಮೇಲೆ ಬಂತು. ಎದ್ದು ನಿಂತರು.

ಅವರು ಟೊಪ್ಪಿಗೆ ಸರಿಮಾಡಿಕೊಂಡು, ತಟ್ಟೆ ಹಿಡಿದು, ಎಲ್ಲರಿಗೂ ಎಲೆ ಅಡಿಕೆ ಕೊಟ್ಟರು. ಮುದುಕಿಗೆ, ನನಗೆ, ಅಕ್ಕಾರಿಗೆ. ಆಮೇಲೆ ತಟ್ಟೆ ಕೆಳಗಿಟ್ಟು ಮಗನ ಕಡೆ ತಿರುಗಿದರು. ಮಗ ಸೋತವನ ಹಾಗೆ ನೆಲ ನೋಡುತ್ತಿದ್ದ.

"ನನ್ನ ಜಾಗಾದಾಗ ಕುಂಡ್ರು" ಎಂದರು.

"ಯಾಕಪ್ಪಾ? ನೀ ಎದ್ದೆಲ್ಲ. ಗಾದಿ ನಿಂದಽ."

"ನಂದು ಅಂತಽ ಕೊಡಾಕತ್ತೀನಿ. ನನ್ನನ್ನ ಎತ್ತಿದ್ದರ ಅದು ನಾ ಕೊಟ್ಟಂಗ ಆಗತಿತ್ತೇನು? ಕುಂಡ್ರು. ಖುರ್ಚಿ ಬೇಕಂದ್ರ ಖುರ್ಚಿ ಹಾಕು, ಗಾಜು ಬೇಕಂದ್ರ ಗಾಜು ಹಾಕು. ನಂದೇನೂ ಇಲ್ಲ."

ಮಗ ಕುಳಿತ. ಕಣ್ಣು ಒರೆಸಿಕೊಂಡ, ಅತ್ತನೋ, ಊದಿನಕಡ್ಡಿಯ ಹೊಗೆ ಹೋಯಿತೋ. ಸಾವುಕಾರ್ರು ತಾವೂ ಒಬ್ಬ ಗಿರಾಕಿಯ ಹಾಗೆ ಗಾದಿಯ ಮೂಲೆಗೆ, ನನ್ನ ಜಾಗಕ್ಕೆ ಬಂದು ಕುಳಿತು, ಮಗನ ಅಂಗಿಯ ಅಂಚು ಹಿಡಿದು ತಿಕ್ಕಿ ನೋಡಿದರು. "ಪಾಲಿಸ್ಟರ್" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಅವರ ಅಪ್ಪನ ಹಾಗೆ ಅಂಗಡಿ ಬಿಡಲಿಲ್ಲ ಅವರು. ದಿನಾ ಮುಂಜಾನೆ ಯೋಗ, ಅಂಬಲಿ, ಆಮೇಲೆ ಅಂಗಡಿಯ ಮೂಲೆ. ಮನಸ್ಸಾದಾಗ ಕೂಡುವುದು, ಮನಸ್ಸಾದಾಗ ಏಳುವುದು. ಏಳುವಾಗಲೆಲ್ಲ ಸುತ್ತ ಒಮ್ಮೆ ನೋಡಿ, ನೋಡುವವರು ಇದ್ದಾರೆಂದು ಖಾತ್ರಿ ಮಾಡಿಕೊಂಡು ಏಳುತ್ತಿದ್ದರು. ಎಷ್ಟೋ ವರ್ಷ ಹಾಗೇ ನಡೆಯಿತು. ಹೋದ ವರ್ಷ ಸಣ್ಣದೊಂದು ಜ್ವರ ಬಂತು, ಹೋದರು. ವಿಚಿತ್ರವೆಂದರೆ, ಅಷ್ಟು ಹಟ ಮಾಡಿದ್ದ ಮಗ ಅಪ್ಪ ಬದುಕಿರುವ ತನಕ ಒಂದೇ ಒಂದು ಖುರ್ಚಿ ತರಲಿಲ್ಲ. ಅದೇ ಗಾದಿಯ ಮೇಲೆ, ಬಲಗಾಲು ಕೆಳಗೆ, ಎಡಗಾಲು ಮೇಲೆ, ಅಪ್ಪನ ಹಾಗೇ ಕುಳಿತ. ಬಡಿಗೇರರು ಬಂದದ್ದು ಆಮೇಲೆ.

ಮದುವೆಯ ಜವಳಿ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಯಿತು. ನನ್ನ ತಂಗಿ ಕೊನೆಗೂ ಸ್ಟೂಲು ಹತ್ತಲಿಲ್ಲ. ನಿಂತೇ ಎಲ್ಲ ಆರಿಸಿದಳು. ಎಲೆ ಅಡಿಕೆ ಕೊಡಲೆಂದು ಮಗ ತನ್ನ ಮೆತ್ತನೆಯ ತಿರುಗುವ ಖುರ್ಚಿಯಿಂದ ಎದ್ದ. ನಲವತ್ತು ದಾಟಿದ ಪ್ರಾಯದ ಮನುಷ್ಯ. ಏಳುವಾಗ ಎರಡೂ ಕೈಯನ್ನು ಕೌಂಟರಿನ ಮೇಲೆ ಊರಿ, "ಯಪ್ಪಾ" ಎಂದ. ನಾನು ನೋಡಿದ್ದನ್ನು ಅವನು ನೋಡಿದ.

ತಟ್ಟೆ ನನ್ನ ಮುಂದೆ ಹಿಡಿದು, ಹುಡುಗಿಯರಿಗೆ ಕೇಳದ ಹಾಗೆ ದನಿ ಇಳಿಸಿದ.

"ಮಾಸ್ತರ್ರ, ಆ ಅಕ್ಕಾರ ಕ್ಲಾಸು ಇನ್ನೂ ಐತೇನ್ರಿ?"

"ಐತಿ. ನಸುಕಿಗೆ, ಅದಽ ಪಡಸಾಲ್ಯಾಗ. ಚಾಪಿ ನಿಂದಽ ತರಬೇಕು."

"ಅಪ್ಪನ ಜಮಖಾನಿ ಐತ್ರಿ" ಎಂದ. ಆಮೇಲೆ ಗಾಜಿನ ಬಾಗಿಲ ಕಡೆ ಒಮ್ಮೆ ನೋಡಿ, "ಮನ್ಯಾಗ ಮಾತ್ರ ಗುಡಿಗೆ ಹೊಂಟೀನಿ ಅಂತ ಹೇಳ್ತೀನಿ" ಎಂದ.